ಪುಟ್ಟಸಿದ್ದಯ್ಯನ ವಾಟ

ಧನಗೆರೆಯ ಗಾರೆ ಮೇಸ್ತ್ರಿ ಪುಟ್ಟಸಿದ್ದಯ್ಯನಿಗೆ ದೇವರ ಮೇಲಿದ್ದ ಭಕ್ತಿ ಅಷ್ಟಕ್ಕಷ್ಟೆ. ವಾಟದ ಮೇಲೆ ಮಾತ್ರ ವಿಪರೀತ. ವಾಟ ಅಂದರೆ ನೆಲಕ್ಕೆ ಕೊಡುವ ಇಳಿಜಾರು, ತೊಳೆದ ನೀರು ತಾನಾಗಿ ಬಚ್ಚಲ ಕಡೆ ಹೋಗಲಿ ಅಂತ. ಕೊಳ್ಳೇಗಾಲದಿಂದ ಯಳಂದೂರಿನವರೆಗೆ ಅವನು ಹಾಕಿದ ನೆಲಗಳಲ್ಲಿ ಒಂದು ತೊಟ್ಟು ನೀರು ನಿಂತಿದ್ದನ್ನು ಯಾರೂ ಕಂಡಿರಲಿಲ್ಲ. ಗೋಡೆ ಸೊಟ್ಟಗಿದ್ದುದನ್ನು ಕಂಡಿದ್ದರು. ಕಿಟಕಿ ಮುಚ್ಚಲಾಗದೆ ಹೆಣಗಿದವರೂ ಇದ್ದರು. "ಗೋಡೆ ನೋಡ್ಕಂಡು ಯಾರ್ಲಾ ಬದುಕ್ತಾರೆ? ದಿನಾ ತೊಳೆಯಾದು ನೆಲ ತಾನೆ?" ಅನ್ನುವುದು ಅವನ ವಾದ.

ಅವನು ಕಟ್ಟಿದ ಮನೆಗಳಲ್ಲಿ ಹಾಲುಕ್ಕಿಸುವ ಮೊದಲು ಒಂದು ಶಾಸ್ತ್ರ ನಡೆಯುತ್ತಿತ್ತು. ಯಾವ ಪುರೋಹಿತರ ಪುಸ್ತಕದಲ್ಲೂ ಇಲ್ಲದ್ದು, ಪುಟ್ಟಸಿದ್ದಯ್ಯನೇ ಹುಟ್ಟುಹಾಕಿದ್ದು. ಮನೆಯ ಹಿರಿಯ ಹೆಂಗಸು ಅಡುಗೆಮನೆಯ ಮೂಲೆಯಲ್ಲಿ ಒಂದು ಕೊಡ ನೀರು ಸುರಿಯಬೇಕು. ಬಂದ ನೆಂಟರೆಲ್ಲ ಪಂಚೆ, ಸೀರೆ ಎತ್ತಿಕೊಂಡು ಗೋಡೆಗೆ ಒತ್ತಿಕೊಳ್ಳಬೇಕು. ಪೊರಕೆ ಮುಟ್ಟದೆ ನೀರು ಬಚ್ಚಲು ಸೇರಿದರೆ ಮೇಸ್ತ್ರಿಗೆ ಎಲೆಅಡಿಕೆ, ಒಂದು ಪಂಚೆ. ಸೇರದಿದ್ದರೆ ನೆಲ ಕಿತ್ತು ಪುಕ್ಕಟೆ ಹಾಕಿಕೊಡುತ್ತೇನೆ ಅಂತ ಅವನ ಮಾತು. ಮೂವತ್ತು ವರ್ಷದಲ್ಲಿ ಒಂದು ನೆಲವನ್ನೂ ಕಿತ್ತಿರಲಿಲ್ಲ. ಪಂಚೆಗಳು ಟ್ರಂಕು ತುಂಬಿ ಮಂಚದ ಕೆಳಗೆ ಸೇರಿದ್ದವು. "ಒಬ್ರಾದ್ರೂ ಒಂದು ಸೀರೆ ಕೊಡ್ಬಾರ್ದಾ?" ಅಂತ ಹೆಂಡತಿ ಶಿವನಂಜಮ್ಮ ಗೊಣಗುತ್ತಿದ್ದಳು.

ಹೀಗಿರುವಾಗ ತೊಂಬತ್ತೊಂಬತ್ತರಲ್ಲಿ ಒಂದು ವಿಶ್ವವಿದ್ಯಾಲಯದವರು ಯಳಂದೂರು ರಸ್ತೆಯಲ್ಲಿ ರಕ್ತದ ಕಾಯಿಲೆಗಳ ಸಂಶೋಧನಾ ಕೇಂದ್ರ ಕಟ್ಟಿಸಲು ಹೊರಟರು. ಶಂಕುಸ್ಥಾಪನೆಯ ಕಲ್ಲನ್ನೇ ಎರಡು ಸಲ ನೆಡಬೇಕಾಯಿತು. ಮೊದಲ ಕಲ್ಲಿನಲ್ಲಿ ಹೆಸರಿದ್ದ ಮಂತ್ರಿ ಕಲ್ಲು ಕೆತ್ತಿ ಮುಗಿಯುವಷ್ಟರಲ್ಲಿ ಮಾಜಿಯಾಗಿದ್ದ. ಆ ಹಳೇ ಕಲ್ಲನ್ನು, ಅಲ್ಲಿನ ಗಾರೆ ಕೆಲಸ ಹಿಡಿದಿದ್ದ ಪುಟ್ಟಸಿದ್ದಯ್ಯ ಮಗುಚಿ ಹಾಕಿ, ಅದರ ಮೇಲೆ ಸಿಮೆಂಟು ಕಲಸಿಕೊಂಡ.

ಎಂಜಿನಿಯರು ದಿನೇಶ್ ಮೈಸೂರಿನವನು. ಇನ್ನೂ ಸರಿಯಾಗಿ ಮೀಸೆ ಬಲಿಯದ ಮುಖ, ಕೈಯಲ್ಲಿ ಸದಾ ಒಂದು ನಕ್ಷೆಯ ಸುರುಳಿ. ರಕ್ತ ಪರೀಕ್ಷೆಯ ಯಂತ್ರ ಇಡುವ ಕೋಣೆಗೆ ಮೊಸಾಯಿಕ್ ಹಾಸುವ ಹೊತ್ತಿಗೆ ಅವನು ಮೇಸ್ತ್ರಿಯನ್ನು ಕರೆದು ಹೇಳಿದ:

"ಈ ರೂಮಿಗೆ ವಾಟ ಬೇಡ ಮೇಸ್ತ್ರಿ. ನೆಲ ಪೂರ್ತಿ ಸಮ ಇರಬೇಕು."

"ತೊಳೆದ್ ನೀರು ಎಲ್ಗೋಯ್ತದೆ ಸಾ?"

"ಇಲ್ಲಿ ತೊಳೆಯಲ್ಲ. ಒರೆಸ್ತಾರೆ."

ಪುಟ್ಟಸಿದ್ದಯ್ಯ "ಆಯ್ತು ಸಾ" ಅಂದ. ಒಳಗೊಳಗೇ ಉರಿದುಹೋದ. ಡಾಕ್ಟರುಗಳು ಓಡಾಡುವ ಜಾಗ, ರಕ್ತ ಚೆಲ್ಲುವ ಜಾಗ, ಅದನ್ನು ತೊಳೆಯಲ್ಲವಂತೆ! ಜನ್ಮದಲ್ಲಿ ಒಂದು ದಿನ ಪೊರಕೆ ಹಿಡಿಯದವನು ನಕ್ಷೆ ಬರೆದರೆ ಇನ್ನೇನಾಗುತ್ತದೆ? ಆ ವಾರ ದಿನೇಶ್ ತಂಗಿಯ ಮದುವೆಗೆಂದು ಊರಿಗೆ ಹೋದ. ಇವನು ಇಪ್ಪತ್ತಡಿಯ ಕೋಣೆಗೆ ಎರಡಿಂಚು ವಾಟ ಕೊಟ್ಟು, ಮೂಲೆಯ ಗೋಡೆಯ ಬುಡದಲ್ಲಿ ನೀರು ಹೋಗಲು ಒಂದು ತೂತನ್ನೂ ಬಿಟ್ಟ. ಮುಂದೊಂದು ದಿನ ಕೈಮುಗೀತಾರೆ ಅಂದುಕೊಂಡ. ದಿನೇಶ್ ವಾಪಸು ಬಂದು, ಬಾಗಿಲ ಹತ್ತಿರ ರಸಮಟ್ಟವನ್ನು ಅಡ್ಡಡ್ಡ ಇಟ್ಟು ನೋಡಿ, ಗುಳ್ಳೆ ನಡುವೆ ನಿಂತದ್ದು ಕಂಡು ಸಹಿ ಹಾಕಿದ. ವಾಟ ಇಳಿದ ದಿಕ್ಕಿಗೆ ಉದ್ದುದ್ದ ಇಟ್ಟಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

ಯಂತ್ರ ಬಂತು. ಕೊಳವೆಗಳಲ್ಲಿ ರಕ್ತ ತುಂಬಿ ಗಿರಗಿರನೆ ತಿರುಗಿಸಿ, ಅದರ ಕೆಂಪನ್ನೂ ತಿಳಿಯನ್ನೂ ಬೇರೆ ಮಾಡುವ ಯಂತ್ರ. ಕೇಂದ್ರದ ಮುಖ್ಯಸ್ಥರು ಪ್ರೊಫೆಸರ್ ಗುರುಪಾದಸ್ವಾಮಿ. ನೀರು ತುಂಬಿ ಪರೀಕ್ಷೆ ಮಾಡಿ ನೋಡುವಷ್ಟು ತಾಳ್ಮೆ ಆ ವಿದ್ವಾಂಸರಿಗೂ ಇರಲಿಲ್ಲ. ಉತ್ಸಾಹದಲ್ಲಿ ಮೊದಲ ದಿನವೇ ನಿಜವಾದ ರಕ್ತ ಇಟ್ಟು ಗುಂಡಿ ಒತ್ತಿದರು. ಯಂತ್ರ ಮೊದಲು ಗುಯ್‌ಗುಟ್ಟಿತು, ಆಮೇಲೆ ನಡುಗಿತು, ಆಮೇಲೆ ಹೊರಟೇಬಿಟ್ಟಿತು. ಕುಣಿಯುತ್ತ, ಕುಲುಕುತ್ತ, ನೇರವಾಗಿ ಮೂಲೆಯ ತೂತಿನ ಕಡೆಗೆ. ಬಾಗಿಲಲ್ಲಿ ನಿಂತಿದ್ದ ಪುಟ್ಟಸಿದ್ದಯ್ಯನಿಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ಮಿಷನ್ನೂ ನನ್ನ ವಾಟದ ಮಾತು ಕೇಳ್ತದಲ್ಲ!

ಅಷ್ಟರಲ್ಲಿ ಒಳಗೆ ಗಾಜು ಒಡೆದ ಸದ್ದಾಯಿತು.

ದಿನೇಶ್ ಬಾಯಿಗೆ ಬಂದ ಹಾಗೆ ಬೈದ. ಮೈಸೂರಿನಿಂದ ಬೇರೆ ಮೇಸ್ತ್ರಿಯನ್ನು ಕರೆಸುತ್ತೇನೆ ಅಂದ. ಪ್ರೊಫೆಸರು ಮಾತ್ರ ಬೈಯಲಿಲ್ಲ. ಯಂತ್ರದ ಮುಚ್ಚಳ ತೆಗೆದು ನೋಡಿ, "ಹನೂರಿನ ಆಚೆಯಿಂದ ಒಬ್ಬ ತಾಯಿ ಮಗುವನ್ನ ಎತ್ತಿಕೊಂಡು ಬಂದಿದ್ದಳು ಮೇಸ್ತ್ರಿ. ಇದು ಆ ಮಗುವಿನ ರಕ್ತ. ಇನ್ನೊಂದು ಸಲ ಚುಚ್ಚಬೇಕು" ಅಂದರು.

"ಮಗೀಗೆ ಎಷ್ಟೊರ್ಸ ಸಾ?"

"ನಾಲ್ಕು."

ಪುಟ್ಟಸಿದ್ದಯ್ಯನ ಮುಖ ಸಣ್ಣದಾಯಿತು. ಅವನಿಗೆ ನಾಚಿಕೆಯಾಯಿತು. "ಬೇರೆಯೋರ್ನ ಕರೀಬ್ಯಾಡಿ ಸಾ" ಅಂತ ದಿನೇಶನ ಮುಂದೆ ಕೈಮುಗಿದ. "ನಾ ಆಕಿದ್ ನೆಲನ ಇನ್ನೊಬ್ಬ ಕಿತ್ರೆ ನಾ ಸತ್ತಂಗೆ. ನಾನೇ ಕಿತ್ತು ನಾನೇ ಆಕ್ತೀನಿ. ಕೂಲಿ ಬ್ಯಾಡ."

ಕೀಳುವುದು ಒಂದೇ ದಿನದ ಕೆಲಸ. ಸಮ ಹಾಕುವುದೇ ಕಷ್ಟವಾಯಿತು. ಮೂವತ್ತು ವರ್ಷ ಪಳಗಿದ ಕೈ, ಯಾಮಾರಿದರೆ ಸಾಕು, ಬಚ್ಚಲ ಕಡೆ ತಗ್ಗುತ್ತಿತ್ತು. ಮೂರು ಸಲ ಹಾಸಿ ಮೂರು ಸಲ ಎಬ್ಬಿಸಿದ. ತನ್ನ ಕೈಗೆ ತಾನೇ ಬೈದುಕೊಂಡ. ಮೂಲೆಯ ತೂತಿಗೆ ಸಿಮೆಂಟು ತುರುಕುವಾಗ ಅವನ ಕಣ್ಣಲ್ಲಿ ನೀರು ಬಂದದ್ದು ನಿಜ. ಯಾರಾದರೂ ಕೇಳಿದರೆ ಸುಣ್ಣ ಬಿತ್ತು ಅನ್ನಲು ತಯಾರಾಗಿದ್ದ. ಯಾರೂ ಕೇಳಲಿಲ್ಲ.

ಎಂಟನೆಯ ದಿನ ತನ್ನ ಶಾಸ್ತ್ರವನ್ನು ತಾನೇ ಮಾಡಿದ. ಕೋಣೆಯ ನಡುವೆ ಒಂದು ಕೊಡ ನೀರು ಸುರಿದ. ನೀರು ದೋಸೆಹಿಟ್ಟಿನ ಹಾಗೆ ದುಂಡಗೆ ಹರಡಿ ಅಲ್ಲೇ ನಿಂತುಬಿಟ್ಟಿತು. ಪ್ರೊಫೆಸರು ಒಣಗಿದ ಕಡೆಯಲ್ಲೊಂದು ಗೋಲಿ ಇಟ್ಟರು. ಕದಲಲಿಲ್ಲ. ನೆಲ ಬಲಿತ ಮೇಲೆ ಯಂತ್ರ ತಿರುಗಿಸಿ, ಅದರ ತಲೆಯ ಮೇಲೆ ತುಂಬಿದ ಕಾಫಿ ಲೋಟ ಇಟ್ಟರು. ಒಂದು ಹನಿ ತುಳುಕಲಿಲ್ಲ. "ಇಂಥ ನೆಲ ನಾನು ಎಲ್ಲೂ ನೋಡಿಲ್ಲ ಮೇಸ್ತ್ರಿ" ಅಂತ ಅವನ ಕೈ ಹಿಡಿದು ಕುಲುಕಿದರು. ಪಂಚೆ ಕೊಟ್ಟವರು ಬೇಕಾದಷ್ಟಿದ್ದರು, ಕೈ ಕುಲುಕಿದವರು ಇವರೇ ಮೊದಲು.

ಮನೆಗೆ ಬಂದು, "ನೀರು ನಿಂತ್ಕತು ಕಣೆ" ಅಂದ.

"ಅಯ್ಯೋ, ಯಾರ್ಗೂ ಯೋಳ್ಬ್ಯಾಡಿ" ಅಂದಳು ಶಿವನಂಜಮ್ಮ.

ಉದ್ಘಾಟನೆಯಾಯಿತು. ಹೊಸ ಕಲ್ಲಿನಲ್ಲಿ ಹನ್ನೊಂದು ಹೆಸರಿದ್ದವು. ಅವರಲ್ಲಿ ಒಬ್ಬರೂ ಒಂದು ಬಾಂಡ್ಲಿ ಮರಳು ಎತ್ತಿದವರಲ್ಲ. ಅದಾಗಿ ವಾರಕ್ಕೆ ಗೇಟಿನ ಕಂಬಕ್ಕೆ ಗಾರೆ ಮೆತ್ತಲು ಹೋದ ಪುಟ್ಟಸಿದ್ದಯ್ಯ, ತನ್ನ ನೆಲವನ್ನು ಒಂದು ಸಲ ನೋಡಿಬರೋಣ ಅಂತ ಯಂತ್ರದ ಕೋಣೆಗೆ ಇಣುಕಿದ. ಒಳಗೆ ದೊಡ್ಡಮಾದಮ್ಮ ಇದ್ದಳು. ಯಳಂದೂರಿನವಳು, ಕಸ ಗುಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಅವಳ ಮನೆಯ ನೆಲವೂ ಇವನೇ ಹಾಕಿದ್ದು. ಒರೆಸು ಅಂದಿದ್ದರೂ ಒರೆಸಿದ ಮಾತ್ರಕ್ಕೆ ಶುದ್ಧವಾಗುತ್ತದೆಯೇ ಅಂತ ಎರಡು ಬಕೆಟ್ ನೀರು ಹುಯ್ದುಬಿಟ್ಟಿದ್ದಳು. ಈಗ ಕಣಕಾಲು ತೋಯಿಸಿಕೊಂಡು, ಸೊಂಟ ಹಿಡಿದುಕೊಂಡು ನಿಂತಿದ್ದಳು.

"ನೋಡಣ್ಣ, ಒಂದ್ ತೊಟ್ಟೂ ಓಗಲ್ಲ ಅಂತದೆ! ಬೆಳಿಗ್ಗೆಯಿಂದ ನೂಕಿ ನೂಕಿ ನನ್ ಸೊಂಟ ಬಿದ್ದೋಯ್ತು. ಯಾವ ಮುಂಡೇಮಗ ಆಕಿದ್ನೋ ಈ ನೆಲನ? ನಮ್ಮನೇಲಿ ನೀ ಆಕಿದ್ದು ಹದಿನೆಂಟೊರ್ಸ ಆಯ್ತು, ಇವತ್ಗೂ ನೀರು ತಾನಾಗೇ ಓಯ್ತದೆ. ಗೋಡೆ ನಿಂಗೆ ಕೊಟ್ಟು ನೆಲನ ಇನ್ಯಾವನ್ಗೋ ಕೊಟ್ಟವ್ರೆ, ಅಲ್ವಾ?"

ಪುಟ್ಟಸಿದ್ದಯ್ಯ ಬಾಯಿ ತೆರೆದ. ಗೋಲಿ, ಕಾಫಿ ಲೋಟ, ಪ್ರೊಫೆಸರು ಕುಲುಕಿದ ಕೈ, ಎಲ್ಲ ಗಂಟಲವರೆಗೆ ಬಂದವು. ಆದರೆ ನೆಲದ ವಿಷಯದಲ್ಲಿ ಅವನು ಮೊದಲಿನಿಂದಲೂ ಲೆಕ್ಕಕ್ಕಿಟ್ಟದ್ದು ನೆಲ ತೊಳೆಯುವವರ ಮಾತನ್ನೇ.

"ಊಂ ಕಣವ್ವ" ಅಂದ. "ಯಾರೋ ಮೈಸೂರೋನಂತೆ."

ಆಮೇಲೆ ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಅವಳ ಕೈಯಿಂದ ಪೊರಕೆ ಕಿತ್ತುಕೊಂಡು ನೀರನ್ನು ಬಾಗಿಲ ಕಡೆ ನೂಕತೊಡಗಿದ.

"ಬುಡಣ್ಣ, ಆ ಮೂಳ ಮಾಡಿದ್ದಕ್ಕೆ ನೀ ಯಾಕೆ ಗುಡಿಸೀಯೆ?" ಅಂದಳು ದೊಡ್ಡಮಾದಮ್ಮ.

ಅವನು ಬೆನ್ನು ಬಗ್ಗಿಸಿ ನೂಕುತ್ತಲೇ ಇದ್ದ. ಜೀವಮಾನದಲ್ಲೇ ಅವನು ಹಾಕಿದ ಅತ್ಯುತ್ತಮ ನೆಲ ಅದು, ನೀರು ತಾನಾಗಿ ಒಂದು ಬೆರಳಷ್ಟೂ ಜರುಗಲಿಲ್ಲ.