ಒಂದೇ ಸಲ ಕೇಳಿದ್ದರು

ಮೊನ್ನೆ ಠಾಣೆ ಸ್ಟೇಶನ್ನಿನ ಹತ್ತಿರದ ಗಿಡಮೂಲಿಕೆ ಅಂಗಡಿಗೆ ಹೋಗಿದ್ದೆ. ಮಗಳ ಬಾಣಂತನ ನಡೆದಿದೆ. ಕೂಸಿಗೆ ತೇಯ್ದು ನೆಕ್ಕಿಸಲು ಬಜೆ ಬೇಕಿತ್ತು. ಇಲ್ಲಿಯವರು ಅದಕ್ಕೆ ವೇಖಂಡ ಅನ್ನುತ್ತಾರೆ. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದದ್ದೇ ತಡ, ಆ ಖಾರವೂ ಅಲ್ಲದ ಕಹಿಯೂ ಅಲ್ಲದ ವಾಸನೆ ಮೂಗಿಗೆ ಬಂತು. "ಕಿತೀ ದೇವೂ, ಮಾವಶಿ?" ಎಂದು ಅವನು ಎಷ್ಟು ಬೇಕೆಂದು ಕೇಳುತ್ತಲೇ ಇದ್ದ. ನಾನು ಬೆಪ್ಪಳಂತೆ ನಿಂತುಬಿಟ್ಟಿದ್ದೆ. ಡೊಂಬಿವಲಿಯ ಎದುರು ಮನೆ, ಅದರ ಅಡುಗೆಮನೆಯ ನೆಲದ ಮೇಲೆ ಬಜೆ ತೇಯುತ್ತ ಕಾಲು ಚಾಚಿ ಕೂತ ಅಕ್ಕ, ಚಾಚಿದ ಆ ಕಾಲುಗಳ ಮೇಲೆ ಮಲಗಿ ಕೈಕಾಲು ಬಡಿಯುವ ಮಗು...

ಅಕ್ಕ ಎಂದರೆ ನನಗೆ ಸಂಬಂಧಿಯೇನಲ್ಲ. ಅವರು ಕಾರ್ಕಳದ ಕಡೆಯವರು, ನಾವು ಬಿಜಾಪುರದ ಕಡೆಯವರು. ಊರಲ್ಲೇ ಇದ್ದಿದ್ದರೆ ಒಬ್ಬರಿಗೊಬ್ಬರು ಮುಖ ನೋಡುವ ಪ್ರಶ್ನೆಯೇ ಇರಲಿಲ್ಲ. ಒಂದೇ ಪ್ಯಾಸೇಜಿನ ಎದುರುಬದುರು ಬಾಗಿಲು ನಮ್ಮನ್ನು ಹತ್ತಿರ ಮಾಡಿತ್ತು. ನನ್ನ ಕನ್ನಡ ಕೇಳಿ ಅವರಿಗೆ ನಗು, ಅವರ ಕನ್ನಡ ಕೇಳಿ ನನಗೆ ನಗು. ಮನೆಯಲ್ಲಿ ಅವರದು ತುಳು. ಯಜಮಾನರು ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು, ಗಂಡುಮಕ್ಕಳಿಬ್ಬರೂ ಕಾಲೇಜಿಗೆ ಹೋಗುವಷ್ಟು ದೊಡ್ಡವರಾಗಿದ್ದರು. ಮನೆಯಲ್ಲಿ ಹೆಣ್ಣುಮಗುವಿಲ್ಲ ಎಂಬ ಕೊರಗು ಅಕ್ಕನಿಗೆ ಇತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ದತ್ತು ಕೊಡುವ ಸಂಸ್ಥೆಯೊಂದು ಠಾಣೆಯಲ್ಲಿತ್ತು. ದತ್ತು ಆಗುವವರೆಗೆ ಕೂಸುಗಳನ್ನು ನಂಬಿಕಸ್ತರ ಮನೆಗಳಲ್ಲಿ ಬಿಡುವುದು ಅವರ ರೂಢಿ. ಹಾಗೆ ನೋಡಿಕೊಳ್ಳುವ ತಾಯಂದಿರಲ್ಲಿ ನಮ್ಮ ಅಕ್ಕನೂ ಒಬ್ಬರು. ಮೊದಲು ಒಂದೆರಡು ಕೂಸುಗಳು ಬಂದು, ಹಲ್ಲು ಮೂಡುವ ಮೊದಲೇ ಪುಣೆ, ನಾಶಿಕ ಅಂತ ಹೊರಟುಹೋಗಿದ್ದವು. ಆಗೆಲ್ಲ ಅಕ್ಕ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ತೊಟ್ಟಿಲ ಬಟ್ಟೆ ಒಗೆದು ಮೇಲಿಡುತ್ತಿದ್ದರು.

ಈ ಹೆಣ್ಣುಮಗು ಬಂದದ್ದು ಎರಡು ಸಾವಿರದ ಏಳೋ ಎಂಟೋ ಇರಬೇಕು. ಅಂಗೈ ಅಗಲದ ಮುಖ, ಅದರಲ್ಲಿ ಸೀಳಿದ ಮೇಲ್ದುಟಿ. ಚಮಚದಲ್ಲಿ ಹಾಲು ಹಾಕಿದರೆ ಮೂಗಿನಿಂದ ಬರುತ್ತಿತ್ತು. ಸಂಸ್ಥೆಯವರೇ ಆಪರೇಷನ್ ಮಾಡಿಸಿದರು, ಆದರೆ ಹೊಲಿಗೆಯ ಗುರುತು ಉಳಿಯಿತು. ದಾಖಲೆಗಳಲ್ಲಿ ಅದಕ್ಕೊಂದು ಚಂದದ ಹೆಸರಿತ್ತು; ಅಕ್ಕ ಮಾತ್ರ ತುಳುವಿನಲ್ಲಿ 'ಬಾಲೆ' ಎನ್ನುತ್ತಿದ್ದರು, ಮಗು ಎಂದು. ಅಮ್ಮ ಎಂದು ಕರೆಸಿಕೊಳ್ಳಬಾರದು ಎಂಬುದು ಸಂಸ್ಥೆಯ ನಿಯಮ. ಹಾಗಾಗಿ ಬಾಲೆಯೂ ನಮ್ಮೆಲ್ಲರಂತೆ ಅವರನ್ನು ಅಕ್ಕ ಅನ್ನಲು ಕಲಿಯಿತು.

ದತ್ತು ಕೇಳಿ ಬಂದ ದಂಪತಿಗಳನ್ನು ನಾನೂ ನೋಡಿದ್ದೇನೆ. ಓದಿದವರು, ಒಳ್ಳೆಯ ಬಟ್ಟೆ ಹಾಕಿದವರು. ಮಗುವಿನ ಕಣ್ಣು ನೋಡಿ ನಗುವರು, ತುಟಿ ನೋಡಿ ಗಡಿಯಾರ ನೋಡುವರು. "ಕಳವತೋ, ತಿಳಿಸ್ತೇವೆ" ಎಂದು ಹೋದವರು ತಿಳಿಸಿದ್ದೇ ಇಲ್ಲ. ಅಂಥ ಒಂದು ಜೋಡಿ ಲಿಫ್ಟಿನ ಕಡೆ ಹೋದ ಮೇಲೆ ಸಂಸ್ಥೆಯ ಮೇಡಮ್ ಸೋತವರಂತೆ ಅಕ್ಕನ ಸೋಫಾದ ಮೇಲೆ ಕೂತರು. ಮರಾಠಿ ಹೆಂಗಸು, ಒಳ್ಳೆಯವರು. ಮಗು ಅಕ್ಕನ ಸೆರಗು ಜಗ್ಗುತ್ತಿತ್ತು. ಮೇಡಮ್ ನಗುತ್ತ, "ತುಮ್ಹೀಚ ಠೇವಾ ನಾ ಹಿಲಾ" ಅಂದರು, ನೀವೇ ಇಟ್ಟುಕೊಂಡುಬಿಡಿ ಇವಳನ್ನು ಎಂದು. ಅಕ್ಕನ ಮುಖ ಕೆಂಪಾಯಿತು. "ಛೆ ಛೆ, ನಮ್ಮಿಂದ ಎಲ್ಲಿ ಆಗ್ತದೆ ಅದೆಲ್ಲ" ಎಂದು ತಮಗೆ ಬಂದ ಮರಾಠಿಯಲ್ಲಿ ಹೇಳಿ, ಚಹಾ ತರಲು ಒಳಗೆ ಹೋದರು. ನಾನು ಅಲ್ಲೇ ಕೂತಿದ್ದೆ. ಚಹಾ ಬರುವಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತ್ತು.

ಕೆಲವು ತಿಂಗಳ ಮೇಲೆ ಸುದ್ದಿ ಬಂತು. ಇಲ್ಲಿ ಯಾರೂ ಒಪ್ಪದ ಮಗುವನ್ನು ಡೆನ್ಮಾರ್ಕಿನ ದಂಪತಿ ಒಪ್ಪಿದ್ದರು. ಫೋಟೋವನ್ನೂ ಕಳಿಸಿದ್ದರು: ಹಳದಿ ಬಣ್ಣದ ಮನೆ, ಗಡ್ಡದ ಗಂಡಸು, ಪ್ಯಾಂಟು ಹಾಕಿದ ಹೆಂಗಸು, ಮಧ್ಯೆ ಒಂದು ಕಂದು ನಾಯಿ. "ಮಗುವಿಗೆ ದಿನಾ ತೋರಿಸಿ, ಇವರೇ ನಿನ್ನ ಅಪ್ಪ ಅಮ್ಮ ಅಂತ ಹೇಳಿಕೊಡಿ" ಎಂದು ಮೇಡಮ್ ಹೇಳಿ ಹೋದರು. ಕೆಳಗಿಟ್ಟರೆ ಮಗು ಹರಿದುಹಾಕುತ್ತದೆ, ಶೋಕೇಸಿನ ತುಂಬ ಗಂಡುಮಕ್ಕಳ ಕ್ರಿಕೆಟ್ ಕಪ್ಪುಗಳು. ಅಕ್ಕ ಫೋಟೋವನ್ನು ನೇರ ದೇವರ ಮಂಟಪದಲ್ಲಿಟ್ಟರು. ಅಲ್ಲಿಟ್ಟ ಮೇಲೆ ಊದುಬತ್ತಿ ಬೇಡವೇ? ಸಂಜೆ ದೀಪ ಹಚ್ಚಿ, ಬಾಲೆಯನ್ನು ಎತ್ತಿಕೊಂಡು, ಕೈ ಮುಗಿಸಿ, ಒಂದು ಚಿಟಿಕೆ ಸಕ್ಕರೆ ಕೊಡುವುದು ನಡೆಯಿತು. ಒಂದು ದಿನ ನೋಡಿದರೆ ನಾಯಿಯ ಹಣೆಗೂ ಕುಂಕುಮ.

"ಏನ್ರೀ ಅಕ್ಕಾರ, ನಾಯಿಗೂ ಪೂಜೆ ಸುರುವಾತೇನು?" ಎಂದು ನಾನು ಕಾಲೆಳೆದೆ.

"ದತ್ತಾತ್ರೇಯರ ಫೋಟೋದಲ್ಲಿ ನಾಯಿ ಇಲ್ವಾ? ಸುಮ್ನಿರು ಮಾರಾಯ್ತಿ" ಅಂದರು ಅಕ್ಕ.

ಬೇಗ ಆಗುತ್ತದೆ ಎಂದಿದ್ದರು. ಆಗಲಿಲ್ಲ. ಒಂದು ಒಪ್ಪಿಗೆ ಬಂದರೆ ಇನ್ನೊಂದು ಬಾಕಿ. ಎಲ್ಲ ಬಂತು ಎನ್ನುವಾಗ ಕೋರ್ಟಿನ ತಾರೀಖು ಮುಂದಕ್ಕೆ. ಆ ಕಡೆ ಡೆನ್ಮಾರ್ಕಿನವರು ಟಿಕೆಟ್ ಬುಕ್ ಮಾಡುವುದು, ರದ್ದು ಮಾಡುವುದು. ಮಗುವಿನ ಹುಟ್ಟುಹಬ್ಬಕ್ಕೆಂದು ಅವರು ಕಳಿಸಿದ ಉಣ್ಣೆಯ ಟೋಪಿ ಸರಿಯಾಗಿ ಮೇ ತಿಂಗಳಲ್ಲಿ ಬಂತು. ಡೊಂಬಿವಲಿಯ ಆ ಬೇಗೆಯಲ್ಲಿ ಬಾಲೆ ಅದನ್ನು ಹಾಕಿಕೊಂಡು, ಬೆವರು ಸುರಿಸುತ್ತ, ಪ್ಯಾಸೇಜಿನಲ್ಲಿ ಓಡಾಡಿತು. ಮುಂದಿನ ವರ್ಷ ಇನ್ನೂ ದೊಡ್ಡ ಅಳತೆಯ ಟೋಪಿ ಬಂತು. ಮಗು ಬೆಳೆಯುವುದನ್ನು ದೂರದಲ್ಲೇ ಲೆಕ್ಕ ಹಾಕಿ ಟೋಪಿ ಹೆಣೆಯುತ್ತಿದ್ದ ಆ ಹೆಂಗಸಿನ ಬಗ್ಗೆ ಯೋಚಿಸಿದರೆ ನನಗೆ ಪಾಪ ಅನಿಸುತ್ತಿತ್ತು.

ಅಷ್ಟರಲ್ಲಿ ಬಾಲೆ ತುಳುವಿನಲ್ಲಿ ಜಗಳವಾಡುವಷ್ಟು ದೊಡ್ಡದಾಗಿತ್ತು. ಅಕ್ಕ ಬಾತ್‌ರೂಮಿಗೆ ಹೋದರೂ ಬಾಗಿಲ ಹೊರಗೆ ಕಾಯುತ್ತಿತ್ತು. ಒಂದು ಸೋಮವಾರ ಅಕ್ಕ ಒಳ್ಳೆಯ ಸೀರೆ ಉಟ್ಟು ನನ್ನ ಬಾಗಿಲು ತಟ್ಟಿದರು. "ಠಾಣೆಗೆ ಬರ್ತಿಯಾ? ಒಬ್ಬಳಿಗೆ ಧೈರ್ಯ ಇಲ್ಲ" ಅಂದರು. ಏಕೆ ಎಂದು ಲೋಕಲ್ ಟ್ರೇನಿನಲ್ಲೂ ಹೇಳಲಿಲ್ಲ. ಸಂಸ್ಥೆಯ ಆಫೀಸಿನಲ್ಲಿ ಮೇಡಮ್ ಎದುರು ಕೂತು, ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬಾಲೆಯನ್ನು ನಮಗೇ ಕೊಡಬಹುದಾ ಎಂದು ಕೇಳಿಬಿಟ್ಟರು.

ಮೇಡಮ್ ಪೆನ್ನು ಕೆಳಗಿಟ್ಟರು. "ಮೀ ವಿಚಾರಲಂ ಹೋತಂ ನಾ ತುಮ್ಹಾಲಾ?" ಎಂದರು. ನಾನು ನಿಮ್ಮನ್ನು ಕೇಳಿರಲಿಲ್ಲವೇ? ನೀವು ಆಗುವುದಿಲ್ಲ ಅಂದಿರಿ. ಆವತ್ತು ಹೂಂ ಅಂದಿದ್ದರೆ ನಿಮ್ಮ ಅರ್ಜಿಯನ್ನೇ ಮೊದಲು ಹಾಕುತ್ತಿದ್ದೆ, ಈ ಮಗು ದೇಶ ಬಿಟ್ಟು ಹೋಗುವ ಮಾತೇ ಬರುತ್ತಿರಲಿಲ್ಲ. ಈಗ ಅದು ಅವರ ಹೆಸರಿಗಾಗಿದೆ. ಅವರೂ ಇಷ್ಟು ದಿನ ಕಾದಿದ್ದಾರೆ, ಅವರಿಗೆ ಏನಂತ ಹೇಳಲಿ? ಮೇಡಮ್ಮಿನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಠಾಣೆ ಸ್ಟೇಶನ್ನಿನ ಬೆಂಚಿನ ಮೇಲೆ ಕೂತೆವು. ಕಲ್ಯಾಣದ ಗಾಡಿಗಳು ಬಂದವು, ಹೋದವು. ಅಕ್ಕ ಏಳಲಿಲ್ಲ. ಕೊನೆಗೆ ಅವರು ಅಂದದ್ದು ಇಷ್ಟು: "ಒಂದೇ ಸಲ ಕೇಳಿದ್ದು ಮಾರಾಯ್ತಿ ಅವರು. ಒಂದು ಲೋಟ ಕಾಫಿ ಬೇಕಾ ಅಂತ ಸಹ ನಾವು ಮೂರು ಸಲ ಕೇಳ್ತೇವಲ್ಲ... ಇನ್ನೊಂದ್ಸಲ ಕೇಳ್ತಾರೆ ಅಂತ ಮಾಡಿದ್ದೆ. ಚಹಾ ತರುವಾಗ ಹೂಂ ಅನ್ನುವ ಅಂತ ಇದ್ದೆ."

ಅಕ್ಕನ ಕಡೆಯೂ ಅಷ್ಟೆ, ನಮ್ಮ ಕಡೆಯೂ ಅಷ್ಟೆ: ಊಟಕ್ಕೆ ಏಳಿ ಅಂದರೆ ಮೊದಲು ಒಲ್ಲೆ ಅನ್ನಬೇಕು, ಹೊಟ್ಟೆ ಎಷ್ಟೇ ಹಸಿದಿರಲಿ. ಮೊದಲ ಮಾತಿಗೇ ಎದ್ದರೆ ಆಸೆಬುರುಕರು ಅನ್ನುತ್ತಾರೆ. ಬೇಡ ಅಂದವರನ್ನು ಒತ್ತಾಯ ಮಾಡಿ ಎಬ್ಬಿಸುವುದು ಕರೆದವರ ಕೆಲಸ. ಸೀರೆಗೂ ಹಾಗೇ, ಹೋಳಿಗೆಗೂ ಹಾಗೇ. ಅಕ್ಕ ಮಗುವಿಗೂ ಹಾಗೇ ಮಾಡಿಬಿಟ್ಟಿದ್ದರು. ಮೇಡಮ್ಮಿನ ಕೆಲಸದಲ್ಲಿ ಆಗುವುದಿಲ್ಲ ಅಂದರೆ ಆಗುವುದಿಲ್ಲ, ಅಷ್ಟೆ. ಅವರದೂ ತಪ್ಪೆನ್ನಲಾರೆ.

ಅದಾದ ಮೇಲೆ ಅಕ್ಕ ಹಟ ಹಿಡಿದವರಂತೆ ಬಾಲೆಯನ್ನು ತಯಾರು ಮಾಡಿದರು. ಫೋಟೋದ ಮುಂದೆ ದಿನಕ್ಕೆ ಎರಡು ಹೊತ್ತು ನಿಲ್ಲಿಸಿದರು. ಅವರು ಬರುತ್ತಾರೆ, ನಿನ್ನನ್ನು ವಿಮಾನದಲ್ಲಿ ಕರೆದೊಯ್ಯುತ್ತಾರೆ, ಅಲ್ಲಿ ನಾಯಿ ಇದೆ, ಅಳಬಾರದು ಎಂದು ಹೇಳುತ್ತಿದ್ದರು. ಹೇಳುವಾಗ ಅವರ ಮುಖ ನಗುತ್ತಲೇ ಇರುತ್ತಿತ್ತು. ಹಿಂದೆ ನಿಂತ ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ.

ಕೊನೆಗೂ ಕೋರ್ಟಿನ ಆದೇಶ ಬಂತು, ಅವರೂ ಬಂದರು. ಮೇಡಮ್ ಜೊತೆಗೆ ಬಾಗಿಲಲ್ಲಿ ನಿಂತ ಆ ಎತ್ತರದ ಇಬ್ಬರನ್ನು ಬಾಲೆ ತಲೆಯೆತ್ತಿ ನೋಡಿತು. ಅವರ ಮುಂದೆ ಹೋಗಿ, ಕೈ ಮುಗಿದು, ಕಣ್ಣು ಮುಚ್ಚಿತು. ಆಮೇಲೆ ಬಲಗೈ ಚಾಚಿ, ಪ್ರಸಾದಕ್ಕೆ ಕಾಯುತ್ತ ನಿಂತಿತು. ಆ ಹೆಂಗಸಿಗೆ ಏನೂ ತಿಳಿಯದು. ಪರ್ಸು ತೆರೆದಳು, ಮುಚ್ಚಿದಳು, ಗಂಡನ ಮುಖ ನೋಡಿದಳು. ನಮಗ್ಯಾರಿಗೂ ಹೊಳೆಯಲಿಲ್ಲ. ಅಕ್ಕನೇ ಅಡುಗೆಮನೆಗೆ ಓಡಿ, ಸಕ್ಕರೆ ತಂದು, ಅವಳ ಅಂಗೈಗೆ ಸುರಿದು, "ಕೊಡಿ, ಕೊಡಿ" ಎಂದು ಕನ್ನಡದಲ್ಲೇ ಹೇಳಿದರು. ಅವಳು ಮಂಡಿಯೂರಿ ಆ ಪುಟ್ಟ ಕೈಗೆ ಸಕ್ಕರೆ ಹಾಕಿದಳು. ಬಾಲೆ ತಿಂದು, ಕೈಯನ್ನು ತಲೆಗೆ ಒರೆಸಿಕೊಂಡಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಒಳ್ಳೆಯವಳು ಎಂದು ನನಗೆ ಆಗಲೇ ಅನಿಸಿತು. ಅದರಿಂದ ಸಮಾಧಾನವಾಗುವ ಬದಲು ಇನ್ನಷ್ಟು ಸಂಕಟವಾಯಿತು.

ವಾರವಿಡೀ ಅವರು ಬಂದು ಹೋಗಿ ಮಾಡಿದರು. ಹೊರಡುವ ದಿನ ಸಂಜೆ ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ಆ ಹೆಂಗಸು ಮೇಡಮ್ಮಿಗೆ ಏನೋ ಹೇಳಿದಳು. ಮೇಡಮ್ ಅಕ್ಕನ ಕಡೆ ತಿರುಗಿ, ವರ್ಷಕ್ಕೊಂದು ಫೋಟೋ ಕಳಿಸುತ್ತಾರಂತೆ, ನಿಮಗೆ ಬೇಕಾ ಎಂದು ಕೇಳತೊಡಗಿದರು. ಅವರ ಮಾತು ಮುಗಿಯುವ ಮೊದಲೇ ಅಕ್ಕ "ಬೇಕು" ಅಂದರು. ಸ್ವಲ್ಪ ಜೋರಾಗಿಯೇ ಅಂದರು. ಅಷ್ಟು ವರ್ಷಗಳ ಒಡನಾಟದಲ್ಲಿ ಅವರು ಮೊದಲ ಮಾತಿಗೇ ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೊಂದೇ.

ಬಾಲೆ ಆ ಇಬ್ಬರ ಬೆರಳು ಹಿಡಿದು, ಟೋಪಿ ಹಾಕಿಕೊಂಡು, ಹೊರಟಿತು. ಅಳಲಿಲ್ಲ. ಲಿಫ್ಟಿನ ಹತ್ತಿರ ಒಮ್ಮೆ ತಿರುಗಿ, "ಅಕ್ಕ, ಬಾಕಿಲ್ ಪಾಡ್‌ಲ, ಉಮಿಲ್ ಬರ್ಪುಂಡು" ಎಂದಿತು. ಬಾಗಿಲು ಹಾಕು, ಸೊಳ್ಳೆ ಬರ್ತದೆ. ಸಂಜೆಯಾದರೆ ಡೊಂಬಿವಲಿಯಲ್ಲಿ ಎಲ್ಲರೂ ಹೇಳುವ ಮಾತು. ಅಕ್ಕ ಬಾಗಿಲು ಹಾಕಿದರು. ಆಮೇಲೆ ಅದಕ್ಕೇ ಒರಗಿ ನೆಲದ ಮೇಲೆ ಕೂತರು.

"ಅಳಬಾರ್ದು ಅಂತ ನಾನೇ ಕಲಿಸಿದ್ದು" ಅಂದರು. "ಆದ್ರೂ ಒಂದು ಸಲ ಅತ್ತಿದ್ರೆ ಆಗ್ತಿತ್ತು..."

ಮುಂದೆ ಮೇಡಮ್ ಬೇರೆ ಕೂಸು ತಂದಾಗ ಅಕ್ಕ ಮಂಡಿನೋವು ಎಂದು ಹೇಳಿ ಕಳಿಸಿದರು. ಯಜಮಾನರ ಕ್ಯಾಂಟೀನ್ ಕೆಲಸ ನಿಂತ ಮೇಲೆ ಘಣಸೋಲಿಯ ದೊಡ್ಡ ಮಗನ ಮನೆಗೆ ಹೋದರು. ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂಗಡಿಗೆ ಹೋದ ಮರುದಿನ ಭಾನುವಾರ. ಮನಸ್ಸು ತಡೆಯದೆ ಘಣಸೋಲಿಗೆ ಹೋದೆ. ಮಗ ಡ್ಯೂಟಿಗೆ ಹೋಗಿದ್ದ, ಸೊಸೆ ಇದ್ದಳು. ಇಲ್ಲಿಯೇ ಹುಟ್ಟಿ ಬೆಳೆದವಳು, ಮದುವೆಯಾಗಿ ಬಂದದ್ದು ಅಕ್ಕ ಹೋದ ಮೇಲೆ. ಕನ್ನಡ ಅರ್ಥವಾಗುತ್ತದೆ, ಆಡುವುದು ಹಿಂದಿ. ಈ ವರ್ಷವೂ ಫೋಟೋ ಬಂದಿದೆಯೆಂದು ತಂದು ತೋರಿಸಿದಳು. ಹುಡುಗಿ ಎತ್ತರ ಬೆಳೆದಿದ್ದಾಳೆ. ತುಟಿಯ ಮೇಲಿನ ಗೆರೆ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಸೈಕಲ್ಲಿನ ಮೇಲೆ ಕೂತು ಬಾಯ್ತುಂಬ ನಗುತ್ತಿದ್ದಾಳೆ. ಚೆನ್ನಾಗಿದ್ದಾಳೆ, ಸಂತೋಷವೇ. ಆದರೆ ಆ ನಗುವನ್ನು ಬೇಕು ಎಂದು ಕೇಳಿ ಪಡೆದವರು ಇಲ್ಲ. ಅವರಿಲ್ಲ ಎಂದು ಅಲ್ಲಿಗೆ ಯಾರೂ ತಿಳಿಸಿಯೂ ಇಲ್ಲ.

"ಆಂಟಿ, ಹರ್ ಸಾಲ್ ಆತಾ ಹೈ" ಎಂದಳು ಸೊಸೆ. "ಯೇ ಲಡ್ಕೀ ಹಮಾರೀ ಕೌನ್ ಲಗ್ತೀ ಹೈ?" ಈ ಹುಡುಗಿ ನಮಗೆ ಏನಾಗಬೇಕು ಎಂದು ಅವಳು ಸಹಜವಾಗಿಯೇ ಕೇಳಿದ್ದಳು.

"ನಿನ್ನ ನಾದಿನಿ ಆಗಬೇಕಾಗಿತ್ತವ್ವಾ" ಅಂದೆ.