ನಾಲ್ಕು ಬೆರಳು ಕಡಿಮೆಯಾದ ನಳಿಗೆ

ಉದ್ದದ ಬಗ್ಗೆ ನನಗೆ ಮೊದಲಿನಿಂದಲೂ ಅತಿ ಗೌರವ. ಉದ್ದನೆಯ ಕೋಟು, ಉದ್ದನೆಯ ಭಾಷಣ, ಎಲ್ಲಕ್ಕೂ ಕೈ ಮುಗಿದವನು ನಾನು. ಹೀಗಾಗಿ ಐವತ್ತರ ದಶಕದಲ್ಲಿ ಮೈಸೂರಿನ ನಮ್ಮ ಪುಟ್ಟ ರೈಫಲ್ ಕ್ಲಬ್ಬಿಗೆ ಸೇರಿದಾಗ, ಇದ್ದುದರಲ್ಲೇ ಉದ್ದ ನಳಿಗೆಯ ಬಂದೂಕನ್ನು ಅಪ್ಪಿಕೊಂಡೆ. ನಳಿಗೆ ಉದ್ದವಾದಷ್ಟೂ ಗುಂಡು ಗುರಿಯ ಹತ್ತಿರವೇ ಹೊರಬೀಳುತ್ತದಲ್ಲ! ಹೈಸ್ಕೂಲಿನಲ್ಲಿ ಗಣಿತ ಹೇಳುವವನ ತರ್ಕ, ನೋಡಿ.

ಆಯುಧಪೂಜೆಯ ದಿನ ಭಕ್ತಿ ಉಕ್ಕಿತು. ನಳಿಗೆಯ ಬಾಯಿಗೇ ಒದ್ದೆ ಗಂಧ, ಕುಂಕುಮ ಮೆತ್ತಿ, ಒಂದು ಸೇವಂತಿಗೆಯನ್ನೂ ತುರುಕಿದೆ. ರಜ ಮುಗಿಸಿ ಹದಿನೈದು ದಿನದ ಮೇಲೆ ಕ್ಲಬ್ಬಿನ ಬಾಗಿಲು ತೆರೆದರೆ, ಬಾಯಿಗೆ ತುಕ್ಕು ಹಿಡಿದಿತ್ತು. ಗುಂಡುಗಳು ದಿಕ್ಕಿಗೊಂದರಂತೆ ಹಾರತೊಡಗಿದವು.

ಬೈಗುಳ ಬಿದ್ದದ್ದು ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದ ಕುಂಬಾರಕೊಪ್ಪಲಿನ ಮಾಜಿ ಹವಾಲ್ದಾರ್ ಮರಿಗೌಡರಿಗೆ. ಕೊಳೆತ ಹೂವನ್ನು ಕಿತ್ತು ತೆಗೆದವರು ಅವರೇ. ಯಾರದೆಂದು ತಿಳಿದೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ.

“ಬರೋ ತಿಂಗಳಿಂದ ಬೇರೆಯವರನ್ನ ನೋಡ್ಕೋತೀವಿ ಗೌಡ್ರೇ” ಎಂದರು ಕ್ಲಬ್ಬಿನ ಕಾರ್ಯದರ್ಶಿ ವಕೀಲರು.

“ನಳಿಗೇಲಿ ಕೆಟ್ಟಿರೋ ಬಾಯ್ನ ನಾಲ್ಕು ಬೆರಳುದ್ದ ಕೊಯ್ದ್ಬುಡ್ತೀನಿ ಸ್ವಾಮಿ. ಆಮೇಲೂ ಗುಂಡು ನೆಟ್ಟಗೋಗ್ದಿದ್ರೆ ನಾನೇ ಹೊಂಟೋಯ್ತೀನಿ.”

ಅಷ್ಟುದ್ದದ ನಳಿಗೆ ಕೊಯ್ದರೆ ಗತಿಯೇನು ಎಂದು ನಾನು ಬಾಯಿ ಬಡಿದುಕೊಂಡೆ.

“ಉದ್ದ ಅಲ್ಲ ಕಣ್ರೀ ಮೇಷ್ಟ್ರೇ. ಗುಂಡಿಗೆ ಕೊನೇಲಿ ಸೋಕೋದು ಆ ಬಾಯಿ. ಅದು ಸಮವಾಗಿರ್ಬೇಕು” ಎಂದರು ಗೌಡರು.

ಉದ್ದದಿಂದ ಲಾಭವಿಲ್ಲವೆಂದಲ್ಲ. ಹಿಂದಿನ ಗುರಿಕಣ್ಣಿಗೂ ಮುಂದಿನ ಗುರಿಮೊಳೆಗೂ ದೂರ ಹೆಚ್ಚಿದಷ್ಟೂ ನಮ್ಮ ಕಣ್ಣಿನ ತಪ್ಪು ಬೇಗ ಗೊತ್ತಾಗುತ್ತದೆ. ಗಿಡ್ಡ ನಳಿಗೆಯಾದರೋ ಬಿಗಿಯಾಗಿದ್ದು ಕಡಿಮೆ ನಡುಗುತ್ತದೆ. ಉಳಿದ ನಡುಕವೆಲ್ಲ ಹಿಡಿದವನದು.

ಗೌಡರು ನಳಿಗೆ ಕೊಯ್ದು, ತುದಿಯನ್ನು ಅರದಿಂದ ಉಜ್ಜಿ ನಯ ಮಾಡಿ, ಗುರಿಮೊಳೆಯನ್ನು ಮತ್ತೆ ಕೂರಿಸಿದರು. ಪರೀಕ್ಷೆಯ ಭಾನುವಾರ ಬಂದೂಕನ್ನು ನನ್ನ ಕೈಗೇ ಕೊಟ್ಟರು. “ನೀವೇ ಹೊಡೀರಿ. ನಿಮ್ಗೆ ಒಗ್ಗಿರೋದು.”

ಅವರ ಅನ್ನ ನನ್ನ ಬೆರಳಿಗೆ ಬಂದು ಕೂತಿತ್ತು. ಉಸಿರು ಕಟ್ಟಿ ಐದು ಗುಂಡು ಹೊಡೆದೆ. ಐದೂ ಒಂದು ಕೋಡುಬಳೆಯ ಅಗಲದೊಳಗೆ ಬಿದ್ದಿದ್ದವು!

“ಭೇಷ್! ಮಿಕ್ಕವನ್ನೂ ನಾಲ್ಕು ಬೆರಳು ಕೊಯ್ಸಿಬಿಡೋಣ” ಎಂದು ವಕೀಲರು ಕುಣಿದಾಡಿದರು. ಗೌಡರು ತಲೆ ಚಚ್ಚಿಕೊಂಡರು. ಆ ಗದ್ದಲದಲ್ಲಿ ನಾನು, ಹೂವು ತುರುಕಿದವನು ನಾನೇ ಎಂದು ಒದರಿಬಿಟ್ಟೆ.

ವಕೀಲರು ನಕ್ಕು ಬೆನ್ನು ತಟ್ಟಿದರು. “ಪ್ರಾಮಾಣಿಕರು ಕಣ್ರೀ ನೀವು!”

ಗೌಡರು ನಳಿಗೆ ಒರೆಸುತ್ತಿದ್ದರು. ಅಂದಿನಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ. ಅವರ ಕೆಲಸ ಉಳಿದ ಮೇಲೆ ನಿಜ ಹೇಳಲು ಎಂಥ ಎದೆಗಾರಿಕೆ ಬೇಕು? ಅದು ಹೋಗುತ್ತಿದ್ದ ದಿನ ಹೇಳಬೇಕಾಗಿತ್ತು.