ಮಾವನಿಗೊಂದು ಮೊಣಕಾಲು

ಹಿರಿಸೊಸೆಗೆ ಹೊಟ್ಟೆಕಿಚ್ಚು ಶುರುವಾದದ್ದು ಓರಗಿತ್ತಿಯ ಮುಖ ನೋಡಿ ಅಲ್ಲ, ಒಡವೆ ನೋಡಿಯೂ ಅಲ್ಲ, ಕೈಕೆಲಸ ನೋಡಿ. ಕೃತಕ ಕಾಲು ಮಾಡುವ ಆ ಮನೆಗೆ ಕಿರಿಯವಳು ಬಂದು ಮೂರು ವರ್ಷವೂ ಆಗಿರಲಿಲ್ಲ. ಹಿರಿಯವಳೋ ಹದಿನೆಂಟು ವರ್ಷ ಪ್ಲಾಸ್ಟರ್ ಕಲಸಿ ಉಗುರು ಸವೆಸಿದವಳು. ಆದರೂ ಬಂದವರೆಲ್ಲ "ಚಿಕ್ಕಮ್ಮೋರು ಇಲ್ವಾ?" ಅಂತಲೇ ಕೇಳುವುದು. ಹೊಟ್ಟೆ ಉರಿಯದೆ ಇನ್ನೇನು ಮಾಡೀತು ಹೇಳಿ!

ಅಂಗಡಿ ಕಟ್ಟಿದ್ದು ಮಾವ. ಸಕ್ಕರೆ ಕಾಯಿಲೆಗೆ ಈಗ ಅವರದೇ ಬಲಗಾಲು ಅರ್ಧ ತೊಡೆಯವರೆಗೆ ಹೋಗಿತ್ತು. ಆಸ್ಪತ್ರೆಯಿಂದ ಬಂದವರೇ ಹೇಳಿಬಿಟ್ಟರು: "ಇಬ್ರೂ ಒಂದೊಂದು ಕಾಲು ಮಾಡಿ. ಯಾರ ಕಾಲಲ್ಲಿ ನಾನು ನಡೀತೀನೋ, ಒಳಕೋಣೆ ಅವಳದು." ಒಳಕೋಣೆ ಎಂದರೆ ಬಂದವರಿಗೆ ಕಾಲು ತೊಡಿಸಿ, ಹೊಂದಿಸಿ, ನಡೆಸಿ ನೋಡುವ ಜಾಗ. ಅಲ್ಲಿ ಇದುವರೆಗೆ ಮಾವನದೇ ಯಜಮಾನಿಕೆ. ಹಿರಿಸೊಸೆ ಅದರ ಮೇಲೆ ಕಣ್ಣಿಟ್ಟು ಕೂತದ್ದು ಇಂದು ನಿನ್ನೆಯಲ್ಲ.

ಮೊಣಕಾಲೆಂದರೆ ಬಾಗಿಲಿನ ಕೀಲು ಅಂತ ತಿಳಿದವರನ್ನು ಮಾವ ಚೆನ್ನಾಗಿ ಉಗಿಯುತ್ತಿದ್ದರು. ತೊಡೆಯ ಮೂಳೆ ಕೆಳಗಿನ ಮೂಳೆಯ ಮೇಲೆ ಉರುಳುತ್ತದೆ, ಜೊತೆಗೇ ಜಾರುತ್ತದೆ; ಕಾಲು ಪೂರ್ತಿ ನೆಟ್ಟಗಾಗುವಾಗ ಕೊನೆಗೊಂದು ಚೂರು ತಿರುಚಿಕೊಂಡು ತಾನೇ ಬೀಗ ಹಾಕಿಕೊಳ್ಳುತ್ತದೆ. ಅದಕ್ಕೇ ನಾವು ಗಂಟೆಗಟ್ಟಲೆ ನಿಂತು ಹರಟೆ ಕೊಚ್ಚಬಲ್ಲೆವು. ಇವರ ಅಂಗಡಿಯ ಮೊಣಕಾಲಿಗೆ ಆ ಬೀಗ ಎಲ್ಲಿಂದ ಬರಬೇಕು? ಸೊಂಟದಿಂದ ಗುಂಡು ಕಟ್ಟಿದ ದಾರ ಇಳಿಬಿಟ್ಟರೆ ಕೀಲು ಆ ದಾರಕ್ಕಿಂತ ಒಂದು ಬೆರಳು ಹಿಂದಿರಬೇಕು. ಮುಂದೆ ಬಂತೋ, ಮೈಭಾರ ಬಿದ್ದ ಕೂಡಲೇ ಕಾಲು ಮಡಚಿಕೊಳ್ಳುತ್ತದೆ. ಮಾಡಿದವರ ಕಣ್ಣಿಗೆ ತಮ್ಮ ತಪ್ಪು ಕಾಣದೆಂದು ಅಲ್ಲಿ ದಾರ ಹಿಡಿಯುವುದು ಯಾವಾಗಲೂ ಇನ್ನೊಬ್ಬರು.

ಕಿರಿಯವಳ ಕಾಲಿಗೆ ಹಿರಿಯವಳು ದಾರ ಹಿಡಿದಳು. ಕೀಲು ಅರ್ಧ ಬೆರಳು ಮುಂದಿತ್ತು. ಅವಳಿಗೆ ಹಾಲು ಕುಡಿದಷ್ಟು ಸಂತೋಷ!

"ಹೇಗಿದೆ ಅಕ್ಕಾ?"

"ಸರಿಯಾಗಿದೆ ಕಣೇ," ಎಂದು ದಾರ ಸುತ್ತಿಟ್ಟಳು. ಮಾವ ಹೇಗೂ ಒಳಕೋಣೆಯಲ್ಲಿ ಎರಡು ಬದಿಯ ಕಂಬಿ ಹಿಡಿದೇ ನಿಲ್ಲುತ್ತಾರೆ, ಬೀಳುವುದಿಲ್ಲ. ಇವಳ ಮರ್ಯಾದೆಯೊಂದು ಹೋದರೆ ಸಾಕು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಮೊದಲು ಹಿರಿಯವಳ ಕಾಲು. ಮಾವ ಕಂಬಿ ಹಿಡಿದು ಆ ತುದಿಗೆ ಹೋಗಿ ಬಂದರು. "ಗಟ್ಟಿಯಾಗಿದೆ. ಸ್ವಲ್ಪ ಭಾರ," ಎಂದರು, ಅಷ್ಟೆ. ಆಮೇಲೆ ಕಿರಿಯವಳದು. ತೊಟ್ಟು ಕೂತಲ್ಲೇ ಬೀಸಿ ನೋಡಿದರು.

"ಆಹಾ, ಹೂವಿನ ಹಾಗಿದೆಯಲ್ಲೇ!"

ಆ ಹುಮ್ಮಸ್ಸಿನಲ್ಲಿ ಎದ್ದು, ಕಂಬಿಯಿಂದ ಎರಡೂ ಕೈ ತೆಗೆದೇಬಿಟ್ಟರು. ಹಿರಿಯವಳು ಕೈ ಚಾಚಿಕೊಂಡು ಓಡಿದಳು. ಮಾವ ಭಾರ ಬಿಟ್ಟರು, ಮೊಣಕಾಲು ಮಡಚಿತು, ಮೈ ಕುಸಿದದ್ದು ನೇರ ಅವಳ ತೋಳಿಗೆ.

"ಅಕ್ಕಾ, ನೀವಿಲ್ದಿದ್ರೆ ಏನ್ ಗತಿ!" ಎಂದು ಕಿರಿಯವಳು ಗೊಳೋ ಎಂದಳು. ಮಾವ ಅವಳನ್ನು ನೀರು ತರಲು ಕಳಿಸಿದರು. ಕುರ್ಚಿಯಲ್ಲಿ ಸುಧಾರಿಸಿಕೊಂಡು ಹಿರಿಯವಳನ್ನೇ ನೋಡಿದರು.

"ಕಾಲು ಮಡಚಿದ್ದು ಆಮೇಲೆ. ನಿನ್ನ ಕೈ ಅದಕ್ಕೂ ಮುಂಚೆನೇ ಚಾಚಿತ್ತಲ್ಲಮ್ಮ?"

ಅವಳು ಕೆಳಗೆ ಕೂತು, ಮಾವ ತೊಟ್ಟಿದ್ದ ಕಾಲನ್ನು ಬಿಚ್ಚತೊಡಗಿದಳು.

"ನಾನು ನಿನ್ನ ಕಾಲೇ ಹಾಕ್ಕೋತೀನಿ, ಒಳ್ಳೆ ಕೆಲಸ. ಒಳಕೋಣೆ ಮಾತ್ರ ಅವಳಿಗೆ. ಅವಳ ತಪ್ಪು ಒಂದು ಸ್ಕ್ರೂ ತಿರುಗಿಸಿದ್ರೆ ಹೋಗುತ್ತೆ."

ಅಷ್ಟರಲ್ಲಿ ಕಿರಿಯವಳು ನೀರು ತಂದಳು. "ಕುಡೀರಿ ಅಕ್ಕಾ, ಎಷ್ಟು ಹೆದರಿಬಿಟ್ಟಿದ್ದೀರಿ," ಎಂದು ಲೋಟವನ್ನು ಮೊದಲು ಅವಳಿಗೇ ಕೊಟ್ಟಳು.